ಸುಗಲಮ್ಮನ ಕರಿ ಗೋಡೆ

ದೇವಾಪುರದ ಕುದುರೆ ವಾಡೆಯಲ್ಲಿ ಎಷ್ಟು ಮಂದಿ ಸರದಾರರು ಆಗಿಹೋದರು, ಯಾರು ಯಾವ ಲಡಾಯಿಯಲ್ಲಿ ಸತ್ತರು ಅಂತ ಹೇಳುವವರು ಆ ಊರಲ್ಲಿ ಬಹಳ ಜನ ಇದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೂಡುತ್ತಿರಲಿಲ್ಲ. ನಾನು ಹೇಳುವುದು ಸರದಾರರ ಮಾತಲ್ಲ. ವಾಡೆಯ ಹಿಂದಿನ ಮೂಲೆಯಲ್ಲಿ ಒಲೆ ಹೂಡಿಕೊಂಡಿದ್ದ ಸುಗಲಮ್ಮನ ಮಾತು. ಸರದಾರರಿಗೆ ಮೀಸೆ ಇತ್ತು, ಅವಳಿಗೆ ಬಾಯಿ ಇತ್ತು. ಮೀಸೆ ಈಗ ಯಾರಿಗೂ ನೆನಪಿಲ್ಲ.

ನಿಜಾಮರ ಆಳಿಕೆ ಇನ್ನೂ ಇತ್ತು, ಆದರೆ ಅದಕ್ಕೂ ವಯಸ್ಸಾಗಿತ್ತು. ನಾನು ಆ ಊರಿಗೆ ಸೊಸೆಯಾಗಿ ಬಂದ ಹೊಸತು. ನಮ್ಮ ಹಿತ್ತಲಿಗೂ ವಾಡೆಯ ಹಿಂಬದಿಗೂ ನಡುವೆ ಒಂದು ಮುರುಕು ಗೋಡೆ ಅಷ್ಟೆ. ನಮ್ಮತ್ತೆ ಮುದುಕಮ್ಮನ ಮುಂದೆ ಸೊಸೆಯಾದವಳು ಬಾಯಿ ತೆರೆಯುವಂತಿರಲಿಲ್ಲ. ಕಿವಿಗೆ ಮಾತ್ರ ಬೀಗ ಹಾಕಿರಲಿಲ್ಲವಲ್ಲ, ಕಾಳು ಹಸನು ಮಾಡುತ್ತ ಆ ಗೋಡೆಯ ಮಗ್ಗುಲಲ್ಲೇ ಕೂಡುತ್ತಿದ್ದೆ.

ಸುಗಲಮ್ಮ ಹತ್ತಿಕುಣಿ ಕಡೆಯವಳು. ಮದುವೆಯಾಗಿ ಬಂದಾಗ ಅವಳ ಮಾವ ಕಡೆಯ ಸರದಾರನ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಸರದಾರನಿಗೆ ಮಕ್ಕಳಿರಲಿಲ್ಲ. ಅವನು ಹೋದ ಮೇಲೆ ವಾಡೆ ಸರಕಾರದ ಪಾಲಾಯಿತು. ಸರಕಾರದವರು ಮುಂದಿನ ಬಾಗಿಲಿಗೆ ಬೀಗ ಜಡಿದು ಹೋದರು. ಹಿಂದೆಯೂ ಒಂದು ಬಾಗಿಲಿದೆ, ಅದರೊಳಗೆ ಮಂದಿ ಇದ್ದಾರೆ ಅನ್ನುವುದು ಅವರ ಲಕ್ಷ್ಯಕ್ಕೆ ಬರಲಿಲ್ಲ.

“ಸರದಾರ ಸತ್ತ, ಕುದ್ರಿ ಸತ್ತು, ಕುದ್ರಿ ನೋಡಂವನೂ ಸತ್ತ,” ಅನ್ನುತ್ತಿದ್ದಳು ಸುಗಲಮ್ಮ. “ಉಳದಿದ್ದು ನಾನು, ನನ್ ಗಂಡ, ಮತ್ತ ಒಂದು ಗುಂಪಿ ಲದ್ದಿ. ಲದ್ದಿ ಉಪಯೋಗಕ್ಕ ಬಂತು.”

ಅವಳ ಗಂಡ ವೆಂಕಪ್ಪ ಮೂಲೆಯಲ್ಲೇ ನಿಂತು ಕೇಳಿಸಿಕೊಂಡು, ಏನೂ ಕೇಳದವನಂತೆ ಬೀಡಿ ಹಚ್ಚುತ್ತಿದ್ದ.

ಅವಳಿದ್ದ ಕೋಣೆ ಉದ್ದಕ್ಕೆ, ಕತ್ತಲೆಯದು. ಅದರ ಒಂದು ಗೋಡೆಯಲ್ಲಿ ದೊಡ್ಡ ಕಮಾನು. ಕಮಾನಿನ ಬಾಯಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದ್ದರು. ಆಚೆ ಕಡೆ ಸರದಾರರ ದಿವಾನಖಾನೆ, ಈಚೆ ಕಡೆ ಸುಗಲಮ್ಮನ ಒಲೆ. ಗೋಡೆಯಲ್ಲಿ ಕತ್ತಿ ಇಡುವ ಉದ್ದನೆಯ ಗೂಡಿತ್ತು. ಅದರಲ್ಲಿ ಅವಳು ಖಾರದಪುಡಿಯ ಗಡಿಗೆ ಇಟ್ಟಿದ್ದಳು. ಅದಕ್ಕೂ ಅವಳ ಹತ್ತಿರ ಸಮಜಾಯಿಷಿ ಇತ್ತು: “ಕತ್ತಿಗಿಂತ ಇದು ಜೋರ್ ಉರೀತದ.”

ಯಾದಗಿರಿಯ ರೈಲು ಠೇಸನಿಗೆ ಹತ್ತಿ ಒಯ್ಯುವ ಬಂಡಿಗಳು ವಾಡೆಯ ಹಿಂದಿನ ಬೇವಿನ ಗಿಡದ ಕೆಳಗೆ ಎತ್ತು ಬಿಚ್ಚುತ್ತಿದ್ದವು. ಬಂಡಿಯವರು ಜೋಳ, ಕಟ್ಟಿಗೆ ಕೊಟ್ಟು ಅವಳ ಕೈಯ ರೊಟ್ಟಿ, ಪುಂಡಿಪಲ್ಯ ಉಂಡು ಹೋಗುವರು. ಗಂಡ ಹೆಂಡಿರ ಹೊಟ್ಟೆ ನಡೆಯುತ್ತಿದ್ದುದು ಅದರ ಮೇಲೆಯೇ. ವೆಂಕಪ್ಪ ಸಂಬಳವಿಲ್ಲದೆ ವಾಡೆಯ ಮುಂದಿನ ಕಟ್ಟೆ ಗುಡಿಸುತ್ತಿದ್ದ. ಒಂದು ದಿನ ಸರಕಾರ ಕಣ್ಣು ತೆರೆದು ತನ್ನ ಎದೆಗೊಂದು ಹಿತ್ತಾಳೆ ಬಿಲ್ಲೆ ಹಚ್ಚುತ್ತದೆ, ತಾನು ಚೌಕಿದಾರನಾಗುತ್ತೇನೆ ಅಂತ ಅವನ ಆಸೆ.

ಒಂದು ಸುಗ್ಗಿಯ ಮುಂದೆ, ಊರ ಗೌಡ ಮರಿಲಿಂಗಪ್ಪ ಹಿಂದಿನ ಬಾಗಿಲಿಗೆ ಬಂದು ನಿಂತ. ಗೌಡ ಹಿಂದಿನ ಬಾಗಿಲಿಗೆ ಬಂದದ್ದು ಅದೇ ಮೊದಲು.

“ಸುಗಲವ್ವ, ಹೈದರಾಬಾದಿನಿಂದ ಖಾದ್ರಿ ಸಾಹೇಬ್ರು ಬರಾಕತ್ಯಾರ. ಹಳೇ ಇಮಾರತು ನೋಡಾವ್ರು. ವಾಡೆದಾಗ ಹಳೇದು ಯಾವ್ದು, ಆಮ್ಯಾಲ ಸೇರಸಿದ್ದು ಯಾವ್ದು ಅಂತ ಗುರುತು ಹಚ್ತಾರಂತ. ಹಳೇದು ಜ್ವಾಕಿ ಮಾಡ್ತಾರ. ಆಮ್ಯಾಲ ಸೇರಸಿದ್ದು ಕೆಡವ್ತಾರ.”

“ಹಂಗಾರ ನಿಮ್ಮ ಮನಿಯಿಂದನೇ ಸುರು ಮಾಡಸ್ರಿ ಗೌಡ್ರ,” ಅಂದಳು ಸುಗಲಮ್ಮ ರೊಟ್ಟಿ ತಿರುವುತ್ತ. “ಹ್ವಾದ ವರ್ಷ ನೀವೂ ಒಬ್ಬಾಕಿನ್ನ ಸೇರಸೀರಲ್ರಿ.”

ಗೌಡ ಹಿಂದಿನ ವರ್ಷ ಎರಡನೆಯ ಮದುವೆಯಾಗಿದ್ದ. ಗೋಡೆಯ ಈಚೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

“ಚಾಷ್ಟಿ ಮಾಡಬ್ಯಾಡ,” ಅಂದ ಗೌಡ. “ನಿನ್ನ ಅಡಗಿಮನಿ ಮೊದಲು ಹೋಗ್ತದ. ಕಮಾನು ಮುಚ್ಚಿ ಕಟ್ಟಿದ್ದು ಕುರುಡಗೂ ಕಾಣ್ತದ.”

ಗೌಡ ಹೋದ ಮೇಲೆ ಸುಗಲಮ್ಮ ಮುಚ್ಚಿದ ಕಮಾನಿನ ಕಡೆಯೇ ನೋಡುತ್ತ ಕೂತಳು. ಕಾವಲಿಯ ಮೇಲಿನ ರೊಟ್ಟಿ ಹೊತ್ತಿ ಕರಕಲಾಯಿತು. ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಆ ಕೋಣೆ ಹೋದರೆ ಒಲೆ ಹೋಯಿತು. ಒಲೆ ಹೋದರೆ ಬಂಡಿಯವರು ಮುಂದಿನ ಊರಲ್ಲಿ ಎತ್ತು ಬಿಚ್ಚುತ್ತಾರೆ. ಆಮೇಲೆ ಗಂಡ ಹೆಂಡಿರು ಮಂದಿಯ ಹೊಲದಲ್ಲಿ ಕೂಲಿಗೆ ನಿಲ್ಲಬೇಕು. ಬೇವಿನ ಗಿಡವೇ ಸೂರು.

ವೆಂಕಪ್ಪ ಮಾತ್ರ ಬಾಗಿಲಲ್ಲಿ ನಿಂತು ನಗುತ್ತಿದ್ದ. “ವಾಡೆಗೊಬ್ಬ ಚೌಕಿದಾರನ್ನ ಇಡ್ತಾರಂತ. ಗೌಡ್ರು ನನ್ನ ಹೆಸರು ಹೇಳ್ತೀನಂದಾರ.”

“ಹೌದು, ಕಾಯಿ,” ಅಂದಳು. “ಕೆಡವಿದ ನಿನ್ನ ಮನೀನೇ ನೀ ಕಾಯಿ.”

ಗಂಡ ಹೆಂಡತಿ ಇಬ್ಬರೂ ಮರುದಿನದಿಂದಲೇ ಸಾಹೇಬರ ತಯಾರಿಗೆ ಬಿದ್ದರು. ಆದರೆ ಇಬ್ಬರ ದಾರಿ ಬೇರೆ ಬೇರೆ.

ನಮ್ಮ ಕಡೆ ದೊಡ್ಡವರು ಯಾರಾದರೂ ಬರುತ್ತಾರೆಂದರೆ ಮೊದಲು ಸುಣ್ಣ. ಚಾವಡಿ ಇರಲಿ, ಬಾವಿಯ ಕಟ್ಟೆ ಇರಲಿ, ಗಿಡದ ಬೊಡ್ಡೆ ಇರಲಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದರೆ ಅದು ಮರ್ಯಾದೆ. ಗೌಡ ಮುಂದಿನ ಬಾಗಿಲಿನ ಬೀಗ ತೆಗೆಸಿದ. ಕುದುರೆ ನೀರು ಕುಡಿಯುತ್ತಿದ್ದ ಕಲ್ಲು ದೋಣಿಯಲ್ಲಿ ಸುಣ್ಣ ನೆನೆಹಾಕಿಸಿದ. ಸಾಹೇಬರು ಗೋಡೆಗೆ ಆನಿಕೊಂಡರೆ ಅವರ ಶೇರವಾನಿಗೆ ಸುಣ್ಣ ಹತ್ತಬಾರದಲ್ಲ, ಅದಕ್ಕೆಂದು ಜಾಲಿಯ ಅಂಟನ್ನು ಕುದಿಸಿ ಅದರಲ್ಲಿ ಕಲಸಿಸಿದ. ಇಷ್ಟು ಮುಂದಾಲೋಚನೆ ಆ ಊರಲ್ಲಿ ಯಾರಿಗೂ ಇರಲಿಲ್ಲ ಅಂತ ಅವನೇ ಹೇಳಿಕೊಂಡು ತಿರುಗಿದ.

ವೆಂಕಪ್ಪ ಕುಂಚ ಹಿಡಿದು ಏಣಿ ಏರಿದವನು ಇಳಿಯಲೇ ಇಲ್ಲ. ದಿವಾನಖಾನೆಯ ಗೋಡೆಯ ಮೇಲೆ ಗಿಳಿ, ಮಾವಿನ ಹಣ್ಣು, ಬಳ್ಳಿ ಬರೆದದ್ದಿತ್ತು, ಬಳಿದ. ಸಾಗವಾನಿ ಕಂಬಗಳ ಹೂಕೆತ್ತನೆ ಇತ್ತು; ಬಳಿದ. ಸರದಾರ ಕೂಡುತ್ತಿದ್ದ ಗಾದಿಕಟ್ಟೆ ಬಳಿದ. ತಲೆಬಾಗಿಲ ಮೇಲಿನ ಕರಿಕಲ್ಲಿನ ಕುದುರೆಗೂ ಎರಡು ಕೈ ಬಳಿದ. ವಾಡೆಗೆ ಹೆಸರು ತಂದ ಕುದುರೆ ಬಿಳಿ ಆಡಿನಂತೆ ಕಾಣತೊಡಗಿತು.

ಕುಂಚ ಹಿಡಿದು ಹಿಂದಿನ ಕೋಣೆಗೆ ಬಂದಾಗ ಸುಗಲಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಒಲೆಯಲ್ಲಿ ಹಸಿ ತೊಗರಿಕಟ್ಟಿಗೆ ತುರುಕಿದ್ದಳು. ಹೊಗೆ ಬಾಗಿಲಿನಿಂದ ಎಮ್ಮೆಯ ಹಿಂಡಿನಂತೆ ಹೊರಬರುತ್ತಿತ್ತು.

“ಏ, ಏನ್ ಮಾಡಾಕತ್ತೀ? ಬೆಂಕಿ ಬಿದ್ದದೇನು?”

“ಮನಿಗಿ ವಯಸ್ಸು ಹಚ್ಚಾಕತ್ತೀನಿ. ಹಳೇದು ಅಂದ್ರ ಬೆಳ್ಳಗಿರ್ತದೇನು? ನಿಮ್ಮವ್ವನ ಹಲ್ಲು ನೆನಪದಾವಿಲ್ಲೊ? ಎಷ್ಟು ಕರ್ರಗಿದ್ರ ಅಷ್ಟು ಹಳೇದು. ಆ ಸುಣ್ಣ ತಗೊಂಡು ಒಳಗ ಕಾಲಿಟ್ರ ಕಾವಲಿ ನೋಡು, ಕಾದದ.”

ವೆಂಕಪ್ಪ ಕಾವಲಿ ನೋಡಿದ, ಹೆಂಡತಿಯ ಮುಖ ನೋಡಿದ, ಕುಂಚವನ್ನು ದೋಣಿಗೆ ಹಾಕಿ ಬಂದ. ಹೀಗೆ ವಾಡೆಯೆಲ್ಲ ಬಿಳಿದಾಯಿತು, ಆ ಕೋಣೆಯೊಂದು ಇನ್ನಷ್ಟು ಕರಿದಾಯಿತು. ಕೆಮ್ಮಿ ಕೆಮ್ಮಿ ನಾವೂ ಅದರಲ್ಲಿ ಪಾಲುಗೊಂಡೆವು.

ಸುರಪುರದಲ್ಲಿ ಬಿಡಾರ ಮಾಡಿದ್ದ ಖಾದ್ರಿ ಸಾಹೇಬರು ಅಲ್ಲಿಂದ ಟಾಂಗಾದಲ್ಲಿ ಬಂದರು. ಒಣಕಲು ಮನುಷ್ಯ. ಚಷ್ಮಾ ಬೀಳದಂತೆ ದಾರ ಕಟ್ಟಿಕೊಂಡಿದ್ದರು. ಗುಲಬರ್ಗಾದಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ಟಾಂಗಾ ಇಳಿದವರು ತಲೆಬಾಗಿಲು ನೋಡಿದರು. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದರು.

“ಯಾ ಅಲ್ಲಾ! ಇದು ಯಾರ ಕೆಲಸ?”

ಗೌಡ ಎರಡೂ ಕೈ ಜೋಡಿಸಿ ಮುಂದೆ ಬಂದ. “ನಮ್ದೇ ಹುಜೂರ್. ತಮ್ಮ ಸಲುವಾಗಿನೇ ಮಾಡಿಸೀವ್ರಿ.”

ಸಾಹೇಬರು ಒಳಗೆ ಹೋದರು. ದಿವಾನಖಾನೆಯ ನಡುವೆ ನಿಂತು ಸುತ್ತ ತಿರುಗಿದರು. ಹೋದ ಸಲ ದೌರೆಗೆ ಈ ಕಡೆ ಬಂದಾಗ ಅವರು ಬಾಗಿಲ ಸಂದಿಯಿಂದ ಆ ಗಿಳಿಗಳನ್ನು ಕಂಡಿದ್ದರಂತೆ. ಗೋಡೆಯನ್ನು ಉಗುರಿನಿಂದ ಕೆರೆದರು. ಸುಣ್ಣದ ಹೊಪ್ಪಳಿಕೆ ಎದ್ದಿತು, ಅದರ ಬೆನ್ನಿಗೆ ಹಸಿರು ಬಣ್ಣವೂ ಅಂಟಿಕೊಂಡು ಎದ್ದು ಬಂತು. ಗೋಡೆಯ ಮೇಲೆ ಏನೂ ಉಳಿಯಲಿಲ್ಲ.

“ಇದರಾಗ ಏನ್ ಹಾಕೀರಿ?” ಸಾಹೇಬರ ದನಿ ಸಣ್ಣಗಾಗಿತ್ತು.

“ಜಾಲಿ ಅಂಟು ಹುಜೂರ್! ನೂರು ವರ್ಷ ಹೋಗಂಗಿಲ್ಲ.” ಗೌಡನಿಗೆ ಅವರ ಮುಖ ನೋಡಿ ಅನುಮಾನ ಬಂತು. “ತೆಳ್ಳಗಾತೇನ್ರಿ? ಇನ್ನೊಂದು ಕೈ ಹೊಡಸ್ಲಿ?”

ಸಾಹೇಬರು ಗಾದಿಕಟ್ಟೆಯ ಮೇಲೆ ಕುಸಿದು ಕೂತರು. ಶೇರವಾನಿಗೆ ಸುಣ್ಣ ಹತ್ತಲಿಲ್ಲ. ಅಷ್ಟರ ಮಟ್ಟಿಗೆ ಗೌಡನ ಮಾತು ಖರೆ. “ಭಾಯಿ,” ಅಂದರು, “ಮನಿ ಓದೂದಂದ್ರ ಗೋಡೆ ನೋಡಿ ಓದೂದು. ಕಲ್ಲು ಎಲ್ಲಿ ಬದಲಾತು, ಗಾರೆ ಎಲ್ಲಿ ಬದಲಾತು, ಬಣ್ಣ ಯಾವಾಗ ಬಂತು. ಎಲ್ಲಾ ಮುಚ್ಚಿಬಿಟ್ರಿ. ಸುಣ್ಣ ಮುಟ್ಟದ್ದು ಒಂದು ಗೋಡೆಯಾದ್ರೂ ಅದನೋ ಇಲ್ಲೊ?”

ಗೌಡ ತಲೆ ತಗ್ಗಿಸಿ ಪಕ್ಕದಲ್ಲಿದ್ದ ವೆಂಕಪ್ಪನನ್ನು ತೋರಿಸಿದ. “ಒಂದದ ಹುಜೂರ್. ನಾಚಿಕಿ ಆಗ್ತದ. ಇವನ ಹೆಂಡತಿ ಬಿಡಲಿಲ್ಲ.”

ಸಾಹೇಬರು ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಸುಗಲಮ್ಮ ತನ್ನ ಮಾತುಗಳನ್ನು ಅಣಿ ಮಾಡಿಕೊಂಡಿದ್ದಳು. ಅವರು ಹೊಸ್ತಿಲು ದಾಟುವ ಮೊದಲೇ ಶುರು ಹಚ್ಚಿದಳು.

“ಬರ್ರಿ ಸಾಹೇಬ್ರ. ಇದು ಬಾಳ ಹಳೇ ಜಾಗ ನೋಡ್ರಿ. ದೊಡ್ಡ ಸರದಾರ ಹುಟ್ಟಿದ್ದು ಇಲ್ಲೇ. ಜೀವ ಬಿಟ್ಟಿದ್ದೂ ಇಲ್ಲೇ. ಅವನ ಹೆಂಡತೀನೂ ಇಲ್ಲೇ. ಗೋಗಿ ಕಡಿಂದ ಬಂದ ಒಬ್ಬ ಸಾಧು ಇಲ್ಲೇ ಕುಂತು ಜಪ ಮಾಡ್ಯಾನ.”

“ಎಲ್ಲಿ ಕುಂತಿದ್ದ?”

“ಇಲ್ಲೇ, ಒಲಿ ಇರೋ ಜಾಗದಾಗೇ.”

“ಸರದಾರ ಸತ್ತಿದ್ದು?”

“ಅದೂ ಇಲ್ಲೇರಿ.”

“ಪಾಪ, ಸಾಧುವಿನ ತೊಡೆ ಮ್ಯಾಲೇ ಸತ್ತನೇನವ್ವ?” ಅಂದರು ಸಾಹೇಬರು. ಆ ದಿನ ಅವರು ಮೊದಲು ನಕ್ಕದ್ದು ಆಗ. “ಇಷ್ಟು ಮಂದಿ ಒಂದೇ ಕಡೆ ಸತ್ರ ರೊಟ್ಟಿ ಎಲ್ಲಿ ಮಾಡ್ತಿದ್ರು? ಸುಳ್ಳು ಸಾಕು. ಒಂದು ಉಂಡಿ ಹಿಟ್ಟು ಕೊಡು.”

ಸುಗಲಮ್ಮ ಕಲಸಿದ ಜೋಳದ ಹಿಟ್ಟು ಕೊಟ್ಟಳು. ಹಸಿದಿರಬೇಕು ಅಂದುಕೊಂಡಿದ್ದಳು. ಸಾಹೇಬರು ಅದನ್ನು ಕಮಾನಿನ ಪಕ್ಕದ ಗೋಡೆಗೆ ಒತ್ತಿದರು. ಜೋಳದ ಹಿಟ್ಟು ಒಡೆದು ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

“ಅಯ್ಯ ಶಿವನ, ಮಂದಿ ತಿನ್ನೋ ಹಿಟ್ಟು ಗ್ವಾಡಿಗಿ ತಿನ್ನಸ್ತಾರಲ್ಲ! ಗ್ವಾಡಿಗಿ ಹಸಿವಾಗ್ಯಾದೇನ್ರಿ?”

“ಗೋದಿ ಹಿಟ್ಟು ಬೇಕು,” ಅಂದರು ಸಾಹೇಬರು, ಅವಳ ಮಾತು ಕಿವಿಗೆ ಹಾಕಿಕೊಳ್ಳದೆ.

ಗೋದಿ ಹಿಟ್ಟು ಗೌಡನ ಮನೆಯಿಂದ ಬಂತು. ಹೊಸ ಹೆಂಡತಿ ಹೋಳಿಗೆಗೆಂದು ನಾದಿ ಇಟ್ಟಿದ್ದ ಕಣಕವಂತೆ. ಸಾಹೇಬರು ಆ ಮೆತ್ತನೆಯ ಮುದ್ದೆಯನ್ನು ಮಸಿಯ ಮೇಲೆ ಮೆಲ್ಲಗೆ ಒತ್ತಿ ಎತ್ತಿದರು. ಮುದ್ದೆ ಕರಿದಾಗಿ ಬಂತು. ಮತ್ತೆ ಒತ್ತಿದರು, ಎತ್ತಿದರು. ಕೂಸಿನ ಮುಖ ಒರೆಸಿದ ಹಾಗೆ ಒರೆಸುತ್ತ ಹೋದರು. ನಾವು ಹಿತ್ತಲ ಗೋಡೆ ಬಿಟ್ಟು ಬಾಗಿಲಿಗೇ ಬಂದು ನಿಂತಿದ್ದೆವು. ನಮ್ಮತ್ತೆಯೂ ಬಂದಿದ್ದಳು, ಹೀಗಾಗಿ ಬಯ್ಯುವವರಿರಲಿಲ್ಲ. ಮಸಿಯೊಳಗಿಂದ ಹಸಿರು ಬಾಲ ಕಾಣಿಸಿತು. ಆಮೇಲೆ ರೆಕ್ಕೆ. ಆಮೇಲೆ ಕೆಂಪು ಕೊಕ್ಕು, ಕೊಕ್ಕಿನಲ್ಲಿ ಮಾವಿನ ಹಣ್ಣು.

“ಅವ್ವ ಅವ್ವ!” ಅಂದಳು ಸುಗಲಮ್ಮ. “ಇಷ್ಟ್ ದಿನ ನಾ ಗಿಳಿಗಿ ಹೊಗಿ ಹಾಕೀನಿ.”

“ನೀ ಹೊಗಿ ಹಾಕಿದ್ದಕ್ಕ ಅದು ಉಳದದವ್ವ. ಮಸಿ ಹಿಟ್ಟಿಗಿ ಬರ್ತದ. ಆ ಅಂಟಿನ ಸುಣ್ಣ ಬಣ್ಣ ತಗೊಂಡೇ ಬರ್ತದ.” ಸಾಹೇಬರು ಗೌಡನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಕಮಾನಿನ ಅಂಚಿನಲ್ಲಿ ಒಂದು ಕಡೆ ಗಾರೆ ಒಡೆದಿತ್ತು. ಸಾಹೇಬರು ಕಂದೀಲು ತರಿಸಿ ಆ ಒಡಕಿನ ಹತ್ತಿರ ಕೂತರು. ಮೂಗು ಗೋಡೆಗೆ ತಾಗುವಷ್ಟು ಹತ್ತಿರ. ಬಹಳ ಹೊತ್ತಿನ ಮೇಲೆ ಬೆರಳಿಟ್ಟು ತೋರಿಸಿದರು. ಎಲ್ಲಕ್ಕೂ ಮೇಲೆ ಸುಗಲಮ್ಮನ ಮಸಿ. ಅದರ ಕೆಳಗೆ ಗಿಳಿಯ ಬಣ್ಣ. ಬಣ್ಣದ ಕೆಳಗೆ ನುಣುಪು ಗಾರೆ. ಗಾರೆಯ ಕೆಳಗೆ ಬರೀ ಮಣ್ಣು ಮೆತ್ತಿದ ಹಳೆಯ ಗೋಡೆ. ಆ ಮಣ್ಣಿನ ಮೇಲೂ ದಪ್ಪಗೆ ಮಸಿ.

“ನೋಡ್ರಿ, ಈ ವಾಡೆ ಹುಟ್ಟಿದಾಗ ವಾಡೆ ಆಗಿರಲಿಲ್ಲ,” ಅಂದರು. “ಎರಡು ಖೋಲಿ ಮಣ್ಣಿನ ಮನಿ. ಇಲ್ಲಿ ಒಲಿ ಇತ್ತು. ಆಮ್ಯಾಲ ಯಾವನೋ ಮಗ ದೊಡ್ಡವನಾದ. ಒಲಿ ತಗಸಿದ, ಕಮಾನು ಎತ್ತಿದ, ಗಿಳಿ ಬರಸಿದ, ದಿವಾನಖಾನಿ ಮಾಡಿದ. ಇದು ಆ ದಿವಾನಖಾನಿಯ ತುದಿ. ಮುಂದ ಬಡತನ ಬಂತೋ ಮಂದಿ ಕಡಿಮಿ ಆದ್ರೋ, ಕಮಾನು ಮುಚ್ಚಿ ಇದನ್ನ ಬ್ಯಾರೆ ಮಾಡಿದ್ರು. ಮತ್ತ ಒಲಿ ಬಂತು.”

“ಅಂದ್ರ ಸರದಾರನ ಮುತ್ತಜ್ಜಿನೂ ಇಲ್ಲೇ ಕುಂತು ರೊಟ್ಟಿ ಬಡದಾಳೇನ್ರಿ?”

“ಬಡದಾಳ.”

“ಹಂಗಾದ್ರ ನಾ ಹೇಳಿದ್ದೆಲ್ಲಾ ಸುಳ್ಳಲ್ಲ.” ಸುಗಲಮ್ಮ ಸೆರಗು ಸಿಕ್ಕಿಸಿದಳು. “ಆಮ್ಯಾಲ ಸೇರಸಿದ್ದು ಗಾದಿ. ಒಲಿ ಮೊದಲಿನದು. ಈಗ ಹೇಳ್ರಿ, ಯಾವ್ದು ಕೆಡವ್ತೀರಿ?”

“ಏನೂ ಕೆಡವೂದಿಲ್ಲ. ಈ ಖೋಲಿ ಇದ್ದಂಗ ಇರ್ತದ. ಇಡೀ ವಾಡೆದಾಗ ಇನ್ನ ಓದಾಕ ಬರೂದು ಇದೊಂದೇ.”

ಸುಗಲಮ್ಮ ಖುಷಿಯಿಂದ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು. ಸಾಹೇಬರು ಆ ಕಟ್ಟಿಗೆಯನ್ನು ಹೊರಗೆಳೆದರು.

“ಆದ್ರ ಇವತ್ತಿನಿಂದ ಇಲ್ಲಿ ಬೆಂಕಿ ಇಲ್ಲವ್ವ. ಖೋಲಿಗಿ ಬೀಗ ಬೀಳ್ತದ. ಚೌಕಿದಾರ ಇರ್ತಾನ.”

ವೆಂಕಪ್ಪ ಎದೆ ಮುಂದೆ ಮಾಡಿ ನಿಂತ. ಗೌಡ ಅವನ ಹೆಸರು ಹೇಳಿದ. ಸಾಹೇಬರು ಹೂಂ ಅಂದರು. ಅಷ್ಟು ವರ್ಷ ಗುಡಿಸಿದ್ದಕ್ಕೆ ಫಲ ಸಿಕ್ಕಿತು. ಅವನ ಮೊದಲ ಕೆಲಸ ತನ್ನ ಹೆಂಡತಿಯ ಒಲೆ ಆರಿಸುವುದು. ಅವನು ನೀರಿನ ತಂಬಿಗೆ ತಗೊಂಡು ಒಲೆಯ ಹತ್ತಿರ ಬಂದ, ನಿಂತ, ತಂಬಿಗೆ ಎತ್ತಿ ತಾನೇ ಕುಡಿದ.

ಸುಗಲಮ್ಮ ಒಲೆಯ ಮುಂದೆ ಕೂತೇ ಇದ್ದಳು. ಕೋಣೆ ಉಳಿಯಿತು, ಒಲೆ ಹೋಯಿತು. ಕೋಣೆಯನ್ನು ಕಾವಲಿಯ ಮೇಲೆ ಹಾಕಿ ಸುಡಲಿಕ್ಕೆ ಬರುತ್ತದೆಯೆ? ಹೊರಗೆ ಬೇವಿನ ಗಿಡದ ಕೆಳಗೆ ಬಂಡಿಯವನೊಬ್ಬ “ಯಕ್ಕಾ, ರೊಟ್ಟಿ ಆದ್ವೇನು?” ಅಂತ ಕೂಗುತ್ತಿದ್ದ. ಬುಟ್ಟಿಯಲ್ಲಿದ್ದ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟು ಸಾಹೇಬರ ಮುಂದೆ ಹಿಡಿದಳು.

“ಉಣ್ರಿ. ಈ ಒಲಿದು ಇದೇ ಕಡೀ ರೊಟ್ಟಿ.”

ಸಾಹೇಬರು ಉಂಡರು. ಬಾಯಲ್ಲಿ ತುತ್ತಿದ್ದಾಗ ಮನುಷ್ಯ ಬೇಗ ಇಲ್ಲ ಅನ್ನಲಾರ. ಅವಳು ಆ ಹೊತ್ತನ್ನೇ ಕಾಯುತ್ತಿದ್ದಳು.

“ಸಾಹೇಬ್ರ, ಆ ಬಿಳೀ ದಿವಾನಖಾನ್ಯಾಗ ಓದೂದೇನರ ಉಳದದೇನ್ರಿ?”

“ಏನ್ ಉಳೀತದವ್ವ. ಎಲ್ಲಾ ಹೋತು.”

“ಗಿಳಿ?”

“ಹೋತು.”

“ಕಂಬದ ಹೂವು?”

“ಅದೂ ಅಂಟು ಕುಡದದ.”

“ಹಂಗಾರ ಅಲ್ಲಿ ಹೊಗಿ ಆದ್ರ ಯಾರದೇನು ಹೋಗ್ತದ್ರಿ?”

ಗೌಡನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹಾವು ಮೆಟ್ಟಿದವನಂತೆ ಹಾರಿದ. “ಏ ಸುಗಲವ್ವ! ಅದು ಸರದಾರರು ಕುಂತ ಜಾಗ! ಗಾದಿ!”

“ಗಾದಿಕಟ್ಟಿ ಎತ್ತರದಾಗದ ಗೌಡ್ರ. ಬಗ್ಗಿ ಬಗ್ಗಿ ನನ್ನ ನಡಾ ಹೋಗ್ಯಾದ. ಅಲ್ಲಿ ನಿಂತೇ ರೊಟ್ಟಿ ಬಡೀಬಹುದು.”

ಸಾಹೇಬರು ರೊಟ್ಟಿ ನುಂಗಿದರು. ಗೌಡನ ಕಡೆ ನೋಡಿದರು. ಆ ಬೆಳಿಗ್ಗೆಯಿಂದ ಅವರು ಅವನನ್ನು ನೆಟ್ಟಗೆ ನೋಡಿದ್ದು ಆಗಲೇ. ಬೆರಳಿಗೆ ಅಂಟಿದ್ದ ಹಸಿರು ಬಣ್ಣದ ಹೊಪ್ಪಳಿಕೆಯನ್ನು ಉಜ್ಜಿಕೊಂಡರು.

“ಹೂಡ್ಕೊ,” ಅಂದರು. “ಅಲ್ಲಿ ಕೆಡಾಕ ಏನೂ ಉಳದಿಲ್ಲ.”

ಆ ಸಂಜೆಯೇ ಒಲೆಯ ಕಲ್ಲುಗಳು ದಿವಾನಖಾನೆಗೆ ನಡೆದವು. ಸರದಾರ ಲೋಡಿಗೆ ಒರಗಿ ಕೂಡುತ್ತಿದ್ದ ಕಟ್ಟೆಯ ಮೇಲೆ ಕಾವಲಿ ಕೂತಿತು. ಎಡಗಡೆ ಜೋಳದ ಗಡಿಗೆ, ಬಲಗಡೆ ಖಾರ. ಬಂಡಿಯವರು ಮೊದಮೊದಲು ಮೆಟ್ಟು ಕಳಚಿ, ಹೆದರಿಕೊಂಡು, ಕಂಬದ ಬುಡದಲ್ಲಿ ಕೂಡುತ್ತಿದ್ದರು. ಆಮೇಲೆ ರೂಢಿಯಾಯಿತು. “ಇನ್ನೊಂದು ರೊಟ್ಟಿ ಒಗಿ ಯಕ್ಕಾ” ಅಂತ ಅವರು ಕೂಗಿದರೆ ಆ ಎತ್ತರದ ಮಾಳಿಗೆಗೆ ಬಡಿದು ದನಿ ತಿರುಗಿ ಬರುತ್ತಿತ್ತು. ಸರದಾರರ ಕಾಲದಲ್ಲಿ ಅಲ್ಲಿ ಕೂತವರು ಅಷ್ಟು ಹೊಟ್ಟೆ ತುಂಬ ಉಂಡಿದ್ದರೋ ಇಲ್ಲವೋ.

ವೆಂಕಪ್ಪನಿಗೆ ಬಿಲ್ಲೆ ಬಂತು. ಹಿಂದಿನ ಕೋಣೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಕರಿ ಗೋಡೆಯನ್ನೂ ಅರ್ಧ ತೊಳೆದ ಒಂದು ಗಿಳಿಯನ್ನೂ ಕಾಯುತ್ತ ದಿನವೆಲ್ಲ ಹೊಸ್ತಿಲ ಮೇಲೆ ಕೂಡುವನು. ಮಧ್ಯಾಹ್ನ ಉಣ್ಣಲು ಬಂದರೆ ಸುಗಲಮ್ಮ ಕಟ್ಟೆಯ ಮೇಲಿಂದಲೇ ತಡೆಯುತ್ತಿದ್ದಳು.

“ಬಿಲ್ಲೆ ತಗದಿಟ್ಟು ಬಾ. ನಾ ಸರಕಾರಕ್ಕ ರೊಟ್ಟಿ ಮಾಡಂಗಿಲ್ಲ, ಗಂಡಗ ಮಾಡ್ತೀನಿ.”

ಅವನು ಬಿಲ್ಲೆ ಬಿಚ್ಚಿ ಗೂಟಕ್ಕೆ ಹಾಕಿ ಉಣ್ಣುತ್ತಿದ್ದ.

ಮರುವರ್ಷ ತಹಸೀಲ್ದಾರರು ಬರುತ್ತಾರೆಂದು ಸುದ್ದಿ ಹಬ್ಬಿತು. ಗೌಡನಿಗೆ ಬುದ್ಧಿ ಬಂದಿರಬಹುದು ಅಂತ ನಾವು ಅಂದುಕೊಂಡಿದ್ದೆವು. ಅವನು ಕಲ್ಲು ದೋಣಿಯಲ್ಲಿ ಸುಣ್ಣ ನೆನೆಹಾಕಿಸಿದ. ಕುಂಚ ಹಿಡಿದ ಆಳು ಹಿಂದಿನ ಕೋಣೆಯ ಕಡೆ ತಿರುಗಿದ್ದೇ ತಡ, ವೆಂಕಪ್ಪ ಬಿಲ್ಲೆ ಎದೆಗೆ ಚುಚ್ಚಿಕೊಂಡು, ಕೋಲು ಅಡ್ಡ ಹಿಡಿದು ಬಾಗಿಲಲ್ಲಿ ನಿಂತ.

“ಒಂದು ಹನಿ ಬಿದ್ರ ಕಾಲು ಮುರೀತೀನಿ! ಇದು ಹಳೇದು!”

ಆಳು ಬೆದರಿ ಗೌಡನ ಮುಖ ನೋಡಿದ. ದಿವಾನಖಾನೆಯೊಳಗಿಂದ ಸುಗಲಮ್ಮನ ದನಿ ಬಂತು. ವರ್ಷದ ಹೊಗೆಗೆ ಅಲ್ಲಿನ ಬಿಳಿ ಗೋಡೆ ಕಟ್ಟೆಯಿಂದ ಮಾಳಿಗೆಯವರೆಗೂ ಕಂದಿ ಕರ್ರಗಾಗಿತ್ತು.

“ಏ ತಮ್ಮಾ, ಇಲ್ಲಿ ಬಾ ಇಲ್ಲಿ. ನನ್ನ ಕಡಿ ಎರಡು ಕೈ ಹಚ್ಚು. ಆ ಗೌಡನ ಅಂಟು ಮಾತ್ರ ಹಾಕಬ್ಯಾಡ. ಮುಂದ ಯಾವನರ ಹಿಟ್ಟು ಹಿಡ್ಕೊಂಡು ಬಂದ್ರ, ಅವಗೂ ಓದಾಕ ನನ್ನ ಮಸಿ ಒಂದೀಟು ಇರ್ಲಿ.”